ನಡೆಯುತ್ತಲೇ ನೀರು ಕುಡಿಯಲು ಆಗುತ್ತಿಲ್ಲವೇ? ಬೆನ್ನಚೀಲದ ಬಾಟಲಿ ಕಿಸೆಯ ದೋಷ ಹುಡುಕುವ ಕ್ರಮ

ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿದವರಿಗೆ ಆ ಮೆಟ್ಟಿಲುಗಳು ಗೊತ್ತು. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಕಲ್ಲುಬೆಟ್ಟ ಅದು. ಕೆಲವು ಕಡೆ ಮೆಟ್ಟಿಲು ಎಷ್ಟು ಎತ್ತರ ಎಂದರೆ ಮುಂದಕ್ಕೆ ಬಗ್ಗಿ, ಮೊಣಕಾಲಿಗೆ ಕೈ ಊರಿಯೇ ಏರಬೇಕು. ಹೋದ ಡಿಸೆಂಬರಿನಲ್ಲಿ ನನ್ನ ಚಿಕ್ಕಮ್ಮನ ಮಗಳು, ಅಂದರೆ ಅಕ್ಕ, ಹಾಗೆ ಬಗ್ಗಿದಾಗ ಅವಳ ಬ್ಯಾಗಿನ ಪಕ್ಕದ ಕಿಸೆಯಿಂದ ಒಂದು ಲೀಟರಿನ ಸ್ಟೀಲ್ ಬಾಟಲಿ ಜಾರಿತು. ಟಣ್ ಟಣ್ ಎಂದು ಎಂಟು ಹತ್ತು ಮೆಟ್ಟಿಲು ಪುಟಿದುಕೊಂಡು ಕೆಳಗೆ ಹೋಯಿತು. ಹಿಂದೆ ಒಬ್ಬರು ಮಗುವಿನ ಕೈ ಹಿಡಿದು ಬರುತ್ತಿದ್ದರು. ಬಾಟಲಿ ಮಗುವಿನ ಕಾಲಿನಿಂದ ಒಂದು ಗೇಣು ದೂರದಲ್ಲಿ ಹಾರಿತು. ತುಂಬಿದ ಸ್ಟೀಲ್ ಬಾಟಲಿ ಎಂದರೆ ಒಂದೂಕಾಲು ಕೆಜಿಯಷ್ಟು ಭಾರ. ಆ ದಿನದ ನಡುಕ ಇನ್ನೂ ನನ್ನ ಎದೆಯಲ್ಲಿ ಉಂಟು.

ಅಕ್ಕ ಕೆಳಗೆ ಇಳಿದ ಮೇಲೆ ಹೇಳಿದ್ದು ಒಂದೇ: "ಈ ಬ್ಯಾಗೇ ಸರಿ ಇಲ್ಲ. ಹೊಸತು ತೆಗೊಳ್ತೇನೆ."

"ಸ್ವಲ್ಪ ತಡಿ ಅಕ್ಕ. ಮೊದಲು ಎಲ್ಲಿ ತಪ್ಪಿದೆ ಅಂತ ನೋಡುವ" ಎಂದೆ.

ಮನೆಯಲ್ಲಿ ಬಿಚ್ಚಿ ನೋಡಿದಾಗ ಗೊತ್ತಾಯಿತು: ಕಿಸೆಯ ತಪ್ಪು ಸ್ವಲ್ಪ, ಒಳಗೆ ಸಾಮಾನು ತುಂಬಿದ ರೀತಿಯ ತಪ್ಪು ಬಹಳ. ಆಮೇಲೆ ಜೊತೆಯವರ ಬ್ಯಾಗುಗಳನ್ನೂ ಒಂದೊಂದಾಗಿ ಹೀಗೇ ನೋಡುತ್ತಾ ಬಂದೆ. ಹೆಚ್ಚಿನವುಗಳಲ್ಲಿ ಅದೇ ಕಥೆ. ಹೊಸ ಬ್ಯಾಗಿಗೆ ದುಡ್ಡು ಹಾಕುವ ಮೊದಲು ಈ ಕ್ರಮದಲ್ಲಿ ಒಮ್ಮೆ ಪರೀಕ್ಷೆ ಮಾಡಿ.

ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಘಟ್ಟದ ಬುಡದ ಕಾಡಿನಲ್ಲಿ ಗಾಳಿಯೂ ಆಡುವುದಿಲ್ಲ. ಏರು ದಾರಿಯಲ್ಲಿ ಗಂಟೆಗೆ ಅರ್ಧ ಲೀಟರ್ ನೀರು ಎನ್ನುವುದು ಸಾಮಾನ್ಯ ಲೆಕ್ಕ. ಅದನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಬಾಟಲಿ ಕೈಗೆ ಸಿಗದಿದ್ದರೆ ಮನುಷ್ಯ ಏನು ಮಾಡುತ್ತಾನೆ? "ಮುಂದೆ ಕೂತಾಗ ಕುಡಿಯುವ" ಎಂದು ಮುಂದೂಡುತ್ತಾನೆ. ಹೀಗೆ ಮೂರು ಸಲ ಮುಂದೂಡಿದವರಿಗೆ ತಲೆನೋವು ಶುರುವಾಗುವುದನ್ನು ಕುಮಾರ ಪರ್ವತದ ದಾರಿಯಲ್ಲಿ, ಭಟ್ಟರ ಮನೆ ದಾಟಿ ನೆರಳಿಲ್ಲದ ಹುಲ್ಲಿನ ಬೆನ್ನು ಹತ್ತುವಾಗ, ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಬ್ಯಾಗಿನಲ್ಲಿ ನೀರು ಇರುತ್ತದೆ. ಕುಡಿದಿರುವುದಿಲ್ಲ.

ಪರೀಕ್ಷೆಗೆ ಮೊದಲು: ಬ್ಯಾಗ್ ತುಂಬಿಸಿ

ಖಾಲಿ ಬ್ಯಾಗಿನಲ್ಲಿ ಯಾವ ಕಿಸೆಯೂ ಚೆನ್ನಾಗಿಯೇ ಇರುತ್ತದೆ. ಅಂಗಡಿಯಲ್ಲಿ ನಾವೆಲ್ಲ ಮೋಸ ಹೋಗುವುದೇ ಅಲ್ಲಿ. ಹಾಗಾಗಿ ನಿಜವಾಗಿ ಹೋಗುವ ದಿನದಷ್ಟೇ ತುಂಬಿಸಿ. ಸಾಮಾನು ಕೈಗೆ ಸಿಗದಿದ್ದರೆ ಐದು ಕೆಜಿ ಕುಚ್ಚಲಕ್ಕಿಯ ಚೀಲ ಒಂದು, ಮಡಚಿದ ಬೆಡ್‌ಶೀಟ್ ಎರಡು, ಒಂದು ಬೈರಾಸು (ಟವೆಲ್) ಸಾಕು. ಬಾಟಲಿಗೆ ನೀರು ತುಂಬಿ ಕಿಸೆಗೆ ಹಾಕಿ. ಬ್ಯಾಗ್ ಹೊತ್ತು ಎಲ್ಲ ಪಟ್ಟಿ, ಬಕಲ್ ಬಿಗಿ ಮಾಡಿ.

ಇನ್ನು ಮೂರು ಕೆಲಸ. ಬ್ಯಾಗ್ ಇಳಿಸದೆ, ಪಕ್ಕದವರ ಸಹಾಯವಿಲ್ಲದೆ ಬಾಟಲಿ ತೆಗೆಯಿರಿ. ಒಂದು ಗುಟುಕು ಕುಡಿದು ವಾಪಸ್ ಇಡಿ. ಆಮೇಲೆ ಕಾಲ ಬೆರಳು ಮುಟ್ಟುವಂತೆ ಹತ್ತು ಸಲ ಬಗ್ಗಿ ಏಳಿ, ಸಾಧ್ಯವಿದ್ದರೆ ಮನೆಯ ಮೆಟ್ಟಿಲು ಎರಡೆರಡಾಗಿ ಹತ್ತಿ ಇಳಿಯಿರಿ. ಇದನ್ನು ಬಲಗಡೆ ಒಮ್ಮೆ, ಎಡಗಡೆ ಒಮ್ಮೆ. ಮನೆಯವರ ಹತ್ತಿರ ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೋ ತೆಗೆಸಿಕೊಳ್ಳಿ, ಏಕೆಂದರೆ ದೋಷ ಇರುವುದು ನಿಮ್ಮ ಬೆನ್ನ ಹಿಂದೆ.

ಮೂರರಲ್ಲಿ ಯಾವುದು ತಪ್ಪಿತು ಎನ್ನುವುದರ ಮೇಲೆ ಮುಂದಿನ ದಾರಿ.

ಕೈ ಬಾಟಲಿಯ ತನಕ ಹೋಗುವುದೇ ಇಲ್ಲ

ಮೊದಲು ಬಾಟಲಿಯನ್ನು ಬಿಡಿ, ಸೊಂಟದ ಪಟ್ಟಿ ನೋಡಿ. ಪಟ್ಟಿ ಸೊಂಟದ ಎರಡೂ ಬದಿಯ ಮೂಳೆಯ ಮೇಲೆ ಕೂತಿರಬೇಕು. ನಮ್ಮಲ್ಲಿ ಹೆಚ್ಚಿನವರು ಶಾಲೆಯ ಬ್ಯಾಗಿನ ಅಭ್ಯಾಸದಲ್ಲಿ ಭುಜದ ಪಟ್ಟಿ ಸಡಿಲ ಬಿಟ್ಟು ಬ್ಯಾಗನ್ನು ಕೆಳಕ್ಕೆ ನೇತು ಹಾಕುತ್ತಾರೆ. ಆಗ ಪಕ್ಕದ ಕಿಸೆ ಪೃಷ್ಠದ ಹಿಂದೆ ಸರಿದು ಹೋಗುತ್ತದೆ. ಸೊಂಟದ ಪಟ್ಟಿ ಸರಿಯಾಗಿ ಕಟ್ಟಿ, ಭುಜದ ಪಟ್ಟಿ ಎಳೆದರೆ ಕಿಸೆ ನಾಲ್ಕು ಬೆರಳು ಮೇಲೆ, ಎರಡು ಬೆರಳು ಮುಂದೆ ಬರುತ್ತದೆ. ಕೈ ಹೋಗುವುದಿಲ್ಲ ಎಂದು ಬಂದವರಲ್ಲಿ ಕೆಲವರ ಸಮಸ್ಯೆ ಇಲ್ಲೇ ಮುಗಿದದ್ದುಂಟು.

ಮುಗಿಯದಿದ್ದರೆ ಕೈಯನ್ನೇ ಗಮನಿಸಿ. ಮೊಣಕೈ ಮಡಚಿ ಹಿಂದಕ್ಕೆ ತೆಗೆದುಕೊಂಡು ಹೋದಾಗ ನಿಮ್ಮ ಬೆರಳು ಬಾಟಲಿಯ ಮುಚ್ಚಳವನ್ನು ಮುಟ್ಟುತ್ತದೆ, ಆದರೆ ಮೇಲಕ್ಕೆ ಎಳೆಯಲು ಆಗುವುದಿಲ್ಲ ಅಲ್ಲವೇ? ಇಲ್ಲಿ ನಿಜವಾದ ಕಾರಣ ಉಂಟು. ನೇರವಾಗಿ ಹೊಲಿದ ಕಿಸೆಯಿಂದ ಇಪ್ಪತ್ತೈದು ಸೆಂಟಿಮೀಟರ್ ಉದ್ದದ ಬಾಟಲಿ ಹೊರಗೆ ಬರಬೇಕಾದರೆ ಕಿಸೆಯೊಳಗೆ ಹೋದಷ್ಟು ಉದ್ದ ಅದನ್ನು ಮೇಲಕ್ಕೆ ಎತ್ತಬೇಕು. ಕೈ ಹಿಂದೆ ಇರುವಾಗ ಮೊಣಕೈ ಅಷ್ಟು ಮೇಲೆ ಏಳುವುದಿಲ್ಲ, ಭುಜದ ಕೀಲು ಬಿಡುವುದಿಲ್ಲ. ಬಾಟಲಿಯನ್ನು ಮೇಲಕ್ಕೆ ಎತ್ತುವ ಬದಲು ಮುಂದಕ್ಕೆ ಎಳೆಯುವಂತಾದರೆ ಮಗುವಿಗೂ ಸುಲಭ. ಮುಂದಕ್ಕೆ ಓರೆಯಾಗಿ ಕತ್ತರಿಸಿದ ಕಿಸೆಗಳಿರುವ ಬ್ಯಾಗುಗಳ ಗುಟ್ಟು ಇಷ್ಟೇ.

ನಿಮ್ಮ ಬ್ಯಾಗಿನ ಕಿಸೆ ನೇರ ಇದ್ದರೆ ಅದನ್ನು ಓರೆ ಮಾಡಲು ಒಂದು ಉಪಾಯ. ಕಿಸೆಯ ತಳದಲ್ಲಿ ಹಿಂಬದಿಯ ಮೂಲೆಗೆ ಒಂದು ಜೊತೆ ಸಾಕ್ಸ್ ಅಥವಾ ಸುತ್ತಿದ ಬೈರಾಸಿನ ತುಂಡು ತುರುಕಿ. ಬಾಟಲಿಯ ಬುಡ ಮುಂದಿನ ಮೂಲೆಗೆ ಬರುತ್ತದೆ. ಬಾಯಿ ಹಿಂದಕ್ಕೆ ವಾಲಿದರೆ ಕೆಲಸ ಕೆಟ್ಟಿತು. ಆದ್ದರಿಂದ ಬಾಟಲಿಯ ಕುತ್ತಿಗೆಗೆ ಒಂದು ತೆಳುವಾದ ಎಲಾಸ್ಟಿಕ್ ಹಾಕಿ ಅದರ ತುದಿಯನ್ನು ಭುಜದ ಪಟ್ಟಿಯ ಕೆಳತುದಿಗೆ ಕಟ್ಟಬೇಕು. ಕುತ್ತಿಗೆ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಎರಡೂ ಸೇರಿದಾಗ ಮಾತ್ರ ಇದು ನಡೆಯುವುದು.

ಅಥವಾ ಬಾಟಲಿಯನ್ನೇ ಗಿಡ್ಡ ಮಾಡಿ. ಒಂದು ಲೀಟರಿನದು ಒಂದರ ಬದಲು ಅರ್ಧ ಲೀಟರಿನವು ಎರಡು, ಬಲಕ್ಕೊಂದು ಎಡಕ್ಕೊಂದು. ಎತ್ತಬೇಕಾದ ಅಂತರ ಕಡಿಮೆ, ತೂಕವೂ ಎರಡು ಬದಿಗೆ ಸಮ. ನನಗೆ ಇದೇ ಹೆಚ್ಚು ಇಷ್ಟ.

ಭುಜ ಹಿಡಿದುಕೊಂಡಿರುವ ಹಿರಿಯರಿಗೆ, ಕೈ ಹಿಂದೆ ಹೋಗದವರಿಗೆ, ಪಕ್ಕದ ಕಿಸೆಯ ಮೇಲೆ ಹಟ ಹಿಡಿಯಬೇಡಿ. ಅವರ ಬಾಟಲಿ ಎದೆಯ ಬದಿಗೆ ಬರಬೇಕು. ಅದನ್ನು ಮುಂದೆ ಹೇಳುತ್ತೇನೆ. ಇಬ್ಬರೇ ಹೋಗುವುದಾದರೆ ಹಿಂದಿನವರು ಮುಂದಿನವರ ಬಾಟಲಿ ತೆಗೆದು ಕೊಡುವ ಪದ್ಧತಿಯೂ ಒಳ್ಳೆಯದು, ಮಾತೂ ಆಗುತ್ತದೆ, ನೀರೂ ಹೋಗುತ್ತದೆ.

ಹೊರಗೆ ಬರುತ್ತದೆ, ವಾಪಸ್ ಹೋಗುವುದಿಲ್ಲ

ಅಕ್ಕನ ಬ್ಯಾಗಿನ ಮೂಲದೋಷ ಇದೇ. ಬಾಟಲಿ ಬೀಳಲು ಕಾರಣವೂ ಇದೇ ಆಗಿತ್ತು.

ಹೀಗೆ ನೋಡಿ: ಪಕ್ಕದ ಕಿಸೆ ಎನ್ನುವುದು ಬ್ಯಾಗಿನ ಗೋಡೆಯ ಮೇಲೆ ಹೊಲಿದ ಇನ್ನೊಂದು ಪದರ. ಒಳಗಿನ ಸಾಮಾನು ಗೋಡೆಯನ್ನು ಹೊರಕ್ಕೆ ಉಬ್ಬಿಸಿದರೆ ಆ ಉಬ್ಬು ಕಿಸೆಯ ಜಾಗವನ್ನೇ ತಿನ್ನುತ್ತದೆ. ಅಕ್ಕ ಬ್ಯಾಗಿನ ಬಲಬದಿಗೆ ಸ್ಟೀಲಿನ ತಿಂಡಿ ಡಬ್ಬಿ ಅಡ್ಡ ಇಟ್ಟಿದ್ದಳು. ಹೊರಗಿನಿಂದ ಕೈಯಾಡಿಸಿದರೆ ಡಬ್ಬಿಯ ಅಂಚು ಕಿಸೆಯ ಬಟ್ಟೆಗೆ ಹಲಗೆಯ ಹಾಗೆ ಒತ್ತಿ ನಿಂತದ್ದು ಸಿಗುತ್ತಿತ್ತು. ಗಡಾಯಿಕಲ್ಲಿನಲ್ಲಿ ಅವಳು ನೀರು ಕುಡಿದು ಬಾಟಲಿ ವಾಪಸ್ ಇಟ್ಟಾಗ ಅದು ತಳ ಮುಟ್ಟಿರಲೇ ಇಲ್ಲ. ಡಬ್ಬಿಯ ಅಂಚಿನ ಮೇಲೆ ಕೂತು ಅರ್ಧ ಹೊರಗೆ ನಿಂತಿತ್ತು. ಬಗ್ಗಿದಳು, ಜಾರಿತು.

ಪರೀಕ್ಷೆ ಸುಲಭ. ತುಂಬಿದ ಬ್ಯಾಗಿನ ಕಿಸೆಯೊಳಗೆ ಬರಿಗೈ ತಳದ ತನಕ ಇಳಿಸಿ. ಬೆರಳ ಗೆಣ್ಣುಗಳಿಗೆ ಗಟ್ಟಿ ವಸ್ತು ತಾಗಿದರೆ ಒಳಗಿನ ಜೋಡಣೆ ಬದಲಿಸಬೇಕು. ಡಬ್ಬಿ, ಸ್ಟವ್, ಟೆಂಟಿನ ಕೋಲು ಇಂಥ ಗಟ್ಟಿ ವಸ್ತು ಬೆನ್ನಿನ ಕಡೆಗೆ, ನಡುವಿಗೆ ಹೋಗಬೇಕು. ಬದಿಗಳಿಗೆ ಬಟ್ಟೆ, ಬೈರಾಸು, ಜಾಕೆಟ್. ಬಟ್ಟೆ ತಾನೇ ಒತ್ತಿಕೊಂಡು ಬಾಟಲಿಗೆ ಜಾಗ ಬಿಡುತ್ತದೆ. ಇನ್ನೊಂದು ಮಾತು: ಬ್ಯಾಗ್ ತುಂಬಿಸುವಾಗಲೇ ಕಿಸೆಗಳಲ್ಲಿ ತುಂಬಿದ ಬಾಟಲಿ ಇಟ್ಟುಕೊಂಡು, ಅದರ ಸುತ್ತ ಒಳಗೆ ತುಂಬಿಸುತ್ತಾ ಬನ್ನಿ. ಎಲ್ಲ ತುಂಬಿದ ಮೇಲೆ ಕೊನೆಗೆ ಬಾಟಲಿ ತುರುಕುವುದು ಉಲ್ಟಾ ಕ್ರಮ.

ಜೋಡಣೆ ಸರಿ ಇದ್ದೂ ಬಾಟಲಿ ಇಳಿಯದಿದ್ದರೆ ಬದಿಯ ಬಿಗಿ ಪಟ್ಟಿ ನೋಡಿ. ಬ್ಯಾಗನ್ನು ಕಿರಿದು ಮಾಡಲು ಬದಿಯಲ್ಲಿ ಕೊಡುವ ಪಟ್ಟಿ ಕೆಲವು ಬ್ಯಾಗುಗಳಲ್ಲಿ ಕಿಸೆಯ ಹೊರಗಿನಿಂದ ಹಾದು ಹೋಗುತ್ತದೆ. ಅದನ್ನು ಎಳೆದಷ್ಟೂ ಕಿಸೆಯ ಹೊಟ್ಟೆ ಒಳಕ್ಕೆ ಹೋಗುತ್ತದೆ. ಬಕಲಿನಿಂದ ಪಟ್ಟಿ ಬಿಚ್ಚಿ, ಕಿಸೆಯ ಒಳಗಿನಿಂದ, ಅಂದರೆ ಬಾಟಲಿ ಮತ್ತು ಬ್ಯಾಗಿನ ಗೋಡೆಯ ನಡುವಿನಿಂದ ಪೋಣಿಸಿ. ಹೀಗೆ ಮಾಡಲೆಂದೇ ಹಲವು ಬ್ಯಾಗುಗಳ ಕಿಸೆಯಲ್ಲಿ ಸಣ್ಣ ಸೀಳು ಇರುತ್ತದೆ. ಹುಡುಕಿ ನೋಡಿ, ನಾನು ನನ್ನ ಬ್ಯಾಗಿನಲ್ಲಿ ಅದನ್ನು ಕಂಡದ್ದು ಎರಡು ವರ್ಷದ ನಂತರ.

ಕೊನೆಗೆ ಬಾಟಲಿಯ ದಪ್ಪ. ಅಗಲ ಬಾಯಿಯ ಒಂದು ಲೀಟರಿನ ಬಾಟಲಿಯ ಅಡ್ಡಳತೆ ಸುಮಾರು 9 ಸೆಂ.ಮೀ., ಅಂದರೆ ಸುತ್ತಳತೆ 28 ಸೆಂ.ಮೀ. ಆಯಿತು. ಸೈಕಲ್ಲಿಗೆ ಹಾಕುವ ಬಾಟಲಿ ಏಳೂವರೆಯ ಹತ್ತಿರ, ಸುತ್ತಳತೆ ಇಪ್ಪತ್ತಮೂರು ಇಪ್ಪತ್ತನಾಲ್ಕು. ಈ ನಾಲ್ಕೈದು ಸೆಂಟಿಮೀಟರಿನ ವ್ಯತ್ಯಾಸ ಬಿಗಿ ಕಿಸೆಗೆ ದೊಡ್ಡದು. ಟೈಲರ್ ಟೇಪಿನಲ್ಲಿ ಅಳೆದು ನೋಡಿ.

ಬಗ್ಗಿದರೆ ಬೀಳುತ್ತದೆ

ಬಾಟಲಿ ತಳ ಮುಟ್ಟಿದ್ದೂ ಬೀಳುವುದಾದರೆ ಕಿಸೆಯ ಬಾಯಿಯ ಎಲಾಸ್ಟಿಕ್ ಸತ್ತಿದೆ. ಬಾಯಿಯನ್ನು ಬೆರಳಲ್ಲಿ ಹಿಗ್ಗಿಸಿ ಬಿಡಿ: ಜೀವ ಇರುವ ಎಲಾಸ್ಟಿಕ್ ಟಪ್ ಎಂದು ವಾಪಸ್ ಬರುತ್ತದೆ, ಸತ್ತದ್ದು ಅಲೆಅಲೆಯಾಗಿ ಹಾಗೇ ನಿಲ್ಲುತ್ತದೆ. ಹತ್ತಿರ ಹಿಡಿದರೆ ಹೊಲಿಗೆಯ ಸಾಲಿನಲ್ಲಿ ಬಿಳಿ ಉಪ್ಪಿನ ಗೆರೆ, ಅದರ ಒಳಗೆ ಪುಡಿಯಾದ ರಬ್ಬರಿನ ಎಳೆ ಕಾಣುತ್ತದೆ. ಬೆವರು, ಬಿಸಿಲು ಎರಡೂ ಸೇರಿ ಅದನ್ನು ತಿಂದದ್ದು. ಬೆಟ್ಟದಿಂದ ಬಂದ ದಿನವೇ ಬ್ಯಾಗಿನ ಪಟ್ಟಿ ಕಿಸೆಗಳನ್ನು ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರೆ ಇದು ಎಷ್ಟೋ ತಡವಾಗುತ್ತದೆ. ಅಂಗಳದ ಬಿಸಿಲಿಗೆ ದಿನಗಟ್ಟಲೆ ನೇತು ಹಾಕಬೇಡಿ.

ತಕ್ಷಣದ ಪರಿಹಾರ: ಬದಿಯ ಮೇಲಿನ ಬಿಗಿ ಪಟ್ಟಿಯನ್ನು ಬಾಟಲಿಯ ಕುತ್ತಿಗೆಯ ಸುತ್ತ ಹಾಕಿ ಬಕಲ್ ಮುಚ್ಚುವುದು. ಬೀಳುವುದಿಲ್ಲ, ಆದರೆ ಪ್ರತಿ ಗುಟುಕಿಗೂ ಬಕಲ್ ಬಿಚ್ಚಬೇಕು. ಬಿಚ್ಚಬೇಕಾದರೆ ಕುಡಿಯುವುದು ತಪ್ಪುತ್ತದೆ. ಹಾಗಾಗಿ ಇದು ಕಡಿದಾದ ಇಳಿಜಾರಿಗೆ ಮಾತ್ರ.

ಶಾಶ್ವತ ಪರಿಹಾರಕ್ಕೆ ನಾನು ಚಪ್ಪಲಿ ರಿಪೇರಿಯವರ ಹತ್ತಿರ ಹೋಗುತ್ತೇನೆ. ಟೈಲರ್ ಮಿಶಿನ್ನಿನ ಸೂಜಿ ಬ್ಯಾಗಿನ ದಪ್ಪ ಅಂಚಿಗೆ ಕೆಲವೊಮ್ಮೆ ಮುರಿಯುತ್ತದೆ. ಇವರ ದಬ್ಬಳಕ್ಕೆ ಅದು ಲೆಕ್ಕವೇ ಅಲ್ಲ. ಅಕ್ಕನ ಬ್ಯಾಗ್ ಹಿಡಿದು ಹೋದಾಗ ಅವರು ಕಿಸೆಯ ಬಾಯಿ ಎಳೆದು ನೋಡಿ, "ಇದಕ್ಕೆ ಹೊಸ ಎಲಾಸ್ಟಿಕ್ ಬೇಡ ಮಾರಾಯ್ರೆ. ಒಳಗೆ ದಾರ ಹಾಕಿ ಲಾಕ್ ಇಡುವ, ಬೇಕಾದಷ್ಟು ಬಿಗಿ ಮಾಡ್ಬಹುದು" ಎಂದರು. ಹಳೆಯ ಎಲಾಸ್ಟಿಕ್ ಇದ್ದ ಮಡಿಕೆಯೊಳಗೇ ರಬ್ಬರಿನ ದಾರ ಪೋಣಿಸಿ, ಹಳೆಯ ಜರ್ಕಿನ್ನಿನಿಂದ ಕಿತ್ತ ಒತ್ತುವ ಲಾಕ್ ಹಾಕಿ ಕೊಟ್ಟರು. ಒಳ್ಳೆಯ ಕೆಲಸ. ಒಂದು ಕೈಯಲ್ಲಿ ಬಿಗಿ, ಸಡಿಲ ಎರಡೂ ಆಗುತ್ತದೆ. ಫೆಬ್ರವರಿಯಲ್ಲಿ ಕೊಡಚಾದ್ರಿಗೆ ಹೋದಾಗ ಸರ್ವಜ್ಞ ಪೀಠದ ತನಕವೂ ಅಕ್ಕನ ಬಾಟಲಿ ಒಮ್ಮೆಯೂ ಜಾರಲಿಲ್ಲ, ನೀರು ಕುಡಿಯಲು ಅವಳು ಒಮ್ಮೆಯೂ ಬ್ಯಾಗ್ ಇಳಿಸಲೂ ಇಲ್ಲ.

ದುಡ್ಡೇ ಬೇಡ ಎನ್ನುವವರಿಗೆ ಸೈಕಲ್ ಅಂಗಡಿಯಲ್ಲಿ ಬಿಸಾಡಿದ ಟ್ಯೂಬ್ ಉಂಟು. ಒಂದು ಬೆರಳಗಲದ ಬಳೆ ಕತ್ತರಿಸಿ ಬಾಟಲಿಯ ನಡುವಿಗೆ ಹಾಕಿ. ನುಣುಪಾದ ಸ್ಟೀಲಿಗೆ ಹಿಡಿತ ಬರುತ್ತದೆ, ಬೆವರಿದ ಕೈಗೂ ಜಾರುವುದಿಲ್ಲ. ಏನೇ ಮಾಡಿದರೂ ಗಡಾಯಿಕಲ್ಲಿನಂಥ ಕಡೆ ಬಾಟಲಿಯ ಮುಚ್ಚಳದ ಬಳೆಯಿಂದ ಬ್ಯಾಗಿಗೆ ಒಂದು ಮೊಳ ದಾರ ಕಟ್ಟಿರಲಿ. ಅದು ನಿಮಗಾಗಿ ಅಲ್ಲ, ಕೆಳಗೆ ಬರುವವರಿಗಾಗಿ.

ಭುಜದ ಪಟ್ಟಿಯಲ್ಲಿ ಕಟ್ಟಿದರೆ ಕುಣಿಯುತ್ತದೆ

ಎದೆಯ ಬದಿಗೆ ಬಾಟಲಿ ಬಂದರೆ ಕೈಗೆ ಸಿಗುವ ಪ್ರಶ್ನೆಯೇ ಇಲ್ಲ. ಆದರೆ ಕುಣಿತ ಶುರು. ಕಾರಣ ಒಂದೇ: ಬಾಟಲಿ ಇಡುವ ಸಣ್ಣ ಚೀಲವನ್ನು ಪಟ್ಟಿಗೆ ಮೇಲೆ ಮಾತ್ರ ಕಟ್ಟಿರುತ್ತಾರೆ, ಕೆಳಗೆ ಬಿಟ್ಟಿರುತ್ತಾರೆ. ಮೇಲೆ ಕೆಳಗೆ ಎರಡೂ ಕಡೆ ಕಟ್ಟಬೇಕು. ಅರ್ಧ ಲೀಟರಿಗಿಂತ ಹೆಚ್ಚು ಬೇಡ, ಸ್ಟೀಲ್ ಅಂತೂ ಬೇಡವೇ ಬೇಡ; ಹಿಂಡಿದರೆ ನೀರು ಬರುವ ಮೆತ್ತಗಿನ ಬಾಟಲಿ ಇದಕ್ಕೆ ಸರಿ. ಕಟ್ಟಿದ ಮೇಲೆ ಕತ್ತು ಬಗ್ಗಿಸಿ ನಿಮ್ಮ ಎರಡೂ ಪಾದ ನೋಡಿ. ಒಂದು ಪಾದ ಬಾಟಲಿಯ ಹಿಂದೆ ಮರೆಯಾದರೆ ಇಳಿಯುವಾಗ ಎಡವುತ್ತೀರಿ, ಬಾಟಲಿಯನ್ನು ಕಂಕುಳಿನ ಕಡೆಗೆ ಸರಿಸಿ.

ನಡೆಯುವಾಗ ಒಂದು ಬದಿಗೆ ಎಳೆಯುತ್ತದೆ

ಒಂದು ಲೀಟರ್ ನೀರು ಒಂದು ಕೆಜಿ. ಒಂದೇ ಬದಿಯಿಂದ ಕುಡಿಯುತ್ತಾ ಹೋದರೆ ಎರಡು ಗಂಟೆಯಲ್ಲಿ ಅಷ್ಟು ವ್ಯತ್ಯಾಸ ಬಂದಿರುತ್ತದೆ. ಬದಿ ಬದಲಿಸಿ ಕುಡಿಯಿರಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಪೈಪಿನ ನೀರಿನ ಚೀಲ

ಬ್ಯಾಗಿನೊಳಗೆ ಮೆತ್ತಗಿನ ನೀರಿನ ಚೀಲ, ಬಾಯಿಗೆ ಪೈಪ್. ಕೈಗೆ ಸಿಗುವ ಮಟ್ಟಿಗೆ ಇದನ್ನು ಮೀರಿಸುವುದು ಇಲ್ಲ. ನೀರು ಬಾರದಿದ್ದರೆ ಹೆಚ್ಚಾಗಿ ಸಾಮಾನಿನ ಒತ್ತಡಕ್ಕೆ ಪೈಪ್ ಎಲ್ಲೋ ಮಡಚಿಕೊಂಡಿರುತ್ತದೆ; ಪೈಪ್ ಹೊರಬರುವ ಕಿಂಡಿಯ ಹತ್ತಿರ ಮೊದಲು ನೋಡಿ. ನನ್ನ ತಕರಾರು ಬೇರೆ. ಎಷ್ಟು ಉಳಿದಿದೆ ಎಂದು ಕಾಣುವುದಿಲ್ಲ, ಖಾಲಿಯಾದಾಗಲೇ ತಿಳಿಯುವುದು. ಮತ್ತೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಗಳೂರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇದು ಎಲ್ಲಿ ಒಣಗುತ್ತದೆ? ಪೈಪಿನೊಳಗೆ ಕಪ್ಪು ಚುಕ್ಕೆ ಕಂಡರೆ ಬೂಸ್ಟು ಹಿಡಿದಿದೆ ಎಂದರ್ಥ. ತೊಳೆದು, ನೀರು ಪೂರ್ತಿ ಬಸಿದು, ಫ್ರೀಜರಿನಲ್ಲಿ ಇಟ್ಟರೆ ಬೂಸ್ಟು ಬೆಳೆಯುವುದಿಲ್ಲ.

ಮಳೆಗಾಲದಲ್ಲಿ ಮಾತ್ರ ಕಾಣುವ ದೋಷ

ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಕಡೆ ಹೋಗುವಾಗ ಬ್ಯಾಗಿಗೆ ಮಳೆ ಹೊದಿಕೆ ಹಾಕುತ್ತೇವೆ. ಹೊದಿಕೆ ಪಕ್ಕದ ಕಿಸೆಗಳನ್ನೂ ಮುಚ್ಚುತ್ತದೆ. ಇಷ್ಟು ಹೊತ್ತು ಸರಿ ಮಾಡಿದ್ದೆಲ್ಲ ವ್ಯರ್ಥ. ಬ್ಯಾಗ್ ಇಳಿಸಿ ಕುಡಿಯುವ ಎಂದರೆ ನೆಲದ ತರಗೆಲೆಯಲ್ಲಿ ಇಂಬಳ (ಜಿಗಣೆ) ಕಾದಿರುತ್ತದೆ. ಒಂದು ನಿಮಿಷ ಇಟ್ಟ ಬ್ಯಾಗಿನ ಬೆನ್ನಪಟ್ಟಿಗೆ ಹತ್ತಿ, ಆಮೇಲೆ ನಿಮ್ಮ ಸೊಂಟದಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ನಿಂತುಕೊಂಡೇ ಕುಡಿಯಲು ಆಗಬೇಕು.

ಪರಿಹಾರ, ಹೊದಿಕೆಯನ್ನೇ ಬಿಡುವುದು. ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಸಾಮಾನು ತುಂಬಿ, ಬಾಯಿ ತಿರುಚಿ ಕಟ್ಟಿ. ಬ್ಯಾಗ್ ನೆನೆಯಲಿ, ಒಳಗಿನದು ಒಣಗಿರುತ್ತದೆ. ಕಿಸೆಗಳು ತೆರೆದೇ ಇರುತ್ತವೆ.

ಬಾಟಲಿಯೊಳಗೆ ಏನಿದೆ ಎನ್ನುವುದೂ ದೋಷವೇ

ಮಜ್ಜಿಗೆ, ಪುನರ್ಪುಳಿ ಶರಬತ್ತು ನಮ್ಮ ಕಡೆಯ ಅಮೃತ, ನಿಜ. ಆದರೆ ಬೆನ್ನಿನ ಬಿಸಿಗೆ ಮಜ್ಜಿಗೆ ಹುಳಿ ಬಂದು ಗಾಳಿ ಕಟ್ಟುತ್ತದೆ, ತೆರೆದ ಕೂಡಲೇ ಮುಖಕ್ಕೆ ಹಾರುತ್ತದೆ. ಸಕ್ಕರೆ ಹಾಕಿದ ಶರಬತ್ತು ಮುಚ್ಚಳದ ಎಳೆಗಳಿಗೆ ಅಂಟಿ, ಒಂದು ಕೈಯಲ್ಲಿ ತೆರೆಯಲು ಆಗದಂತೆ ಹಿಡಿದುಕೊಳ್ಳುತ್ತದೆ. ಕೈಗೆ ಸಿಗುವ ಬಾಟಲಿಯಲ್ಲಿ ಬರೀ ನೀರು ಇರಲಿ, ಉಳಿದದ್ದು ಬ್ಯಾಗಿನೊಳಗೆ ಇದ್ದು ಕೂತಾಗ ಹೊರಬರಲಿ. ಸೋರಿಕೆ ಇದ್ದರೆ ಮುಚ್ಚಳದೊಳಗಿನ ವಾಷರ್ ನೋಡಿ. ತೊಳೆಯುವಾಗ ಕಳಚಿ ಸಿಂಕಿನ ಹತ್ತಿರ ಉಳಿದಿರುತ್ತದೆ. ಬಾಟಲಿಯನ್ನು ಪೇಪರಿನ ಮೇಲೆ ಹತ್ತು ನಿಮಿಷ ತಲೆಕೆಳಗೆ ಇಟ್ಟರೆ ಗೊತ್ತಾಗುತ್ತದೆ.

ರಿಪೇರಿ ನಿಲ್ಲಿಸಬೇಕಾದ್ದು ಯಾವಾಗ

ಕಿಸೆಯ ಆಳ ಬಾಟಲಿಯ ಅರ್ಧಕ್ಕಿಂತ ಕಡಿಮೆ ಇದ್ದರೆ, ಅಥವಾ ಕಿಸೆಯ ತಳದ ಬಲೆ ಹರಿದು ಅದರ ಹೊಲಿಗೆ ಬ್ಯಾಗಿನ ಗೋಡೆಯಿಂದಲೇ ಬಿಟ್ಟು ಬರುತ್ತಿದ್ದರೆ, ಆ ಬ್ಯಾಗನ್ನು ಆಫೀಸಿಗೆ ಇಟ್ಟುಕೊಳ್ಳಿ. ಹೊಸತು ಕೊಳ್ಳಲು ಅಂಗಡಿಗೆ ಹೋಗುವಾಗ ನಿಮ್ಮದೇ ಬಾಟಲಿಯನ್ನು ನೀರು ತುಂಬಿಸಿ ತೆಗೆದುಕೊಂಡು ಹೋಗಿ. ಬ್ಯಾಗಿನೊಳಗೆ ಅಂಗಡಿಯಲ್ಲೇ ಇರುವ ಜಾಕೆಟುಗಳನ್ನು ಕೇಳಿ ತುಂಬಿಸಿ, ಹೊತ್ತುಕೊಂಡು ಅದೇ ಮೂರು ಕೆಲಸ ಮಾಡಿ ನೋಡಿ. ಅಂಗಡಿಯವರು ಬೇಡ ಎಂದರೆ ಬೇರೆ ಅಂಗಡಿಗೆ ಹೋಗಿ.